ಜೂನ್ ಒಂದರಂದು ಹುಟ್ಟಿದವರು

ಇಂಗ್ಲೆಂಡಿಗೆ ಹೋಗಿ ಬಂದೆ ಎಂದಕೂಡಲೇ ಅಜ್ಜಂಪುರದವರು ಕೇಳುವುದು ರಾಣಿಯ ಅರಮನೆಯ ವಿಚಾರ. ಅರಮನೆಯನ್ನು ನಾನು ನೋಡಿದ್ದು ಓಡುವ ಬಸ್ಸಿನಿಂದ, ಅದೂ ಮುಂದೆ ಕೂತಿದ್ದ ಹೆಂಗಸಿನ ಟೋಪಿಯ ಪಕ್ಕದಿಂದ ಇಣುಕಿ. ಕಣ್ತುಂಬ ನೋಡಿದ್ದೆಂದರೆ ಒಂದು ಸರ್ಕಾರಿ ಆಫೀಸು. ಅಲ್ಲಿನ ಕುರ್ಚಿಗಳ ಬಣ್ಣ, ಗೋಡೆಯ ಗಡಿಯಾರ, ಗಾಜಿನ ಹಿಂದೆ ಕೂತ ಹುಡುಗಿಯ ಮುಖ ಎಲ್ಲವೂ ನೆನಪಿದೆ. ಅರಮನೆ ಬೇಕಾದವರು ಬೇರೆಯವರನ್ನು ಕೇಳಲಿ. ನಾನು ಹೇಳುವುದು ಆ ಆಫೀಸಿನ ಮಾತು, ಮತ್ತು ಅಲ್ಲಿ ನನ್ನ ಮರ್ಯಾದೆ ಏನಾಯಿತು ಎನ್ನುವುದು.

ಹೊರಡುವ ಮೊದಲು

೧೯೮೩ರ ಬೇಸಿಗೆ. ನನ್ನ ಮಗಳು ಗಿರಿಜೆ ಇಂಗ್ಲೆಂಡಿನಲ್ಲಿದ್ದಳು. ಅಳಿಯ ಬರ್ಮಿಂಗ್‌ಹ್ಯಾಮಿನ ಪಕ್ಕದ ಒಂದು ಕಾರ್ಖಾನೆ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು. ಮೂರು ತಿಂಗಳು ಬಂದು ಇದ್ದು ಹೋಗಪ್ಪ ಎಂದು ಎರಡು ವರ್ಷದಿಂದ ಬರೆಯುತ್ತಿದ್ದಳು. ಈ ಸಲದ ಕಾಗದದಲ್ಲಿ ಹೊಸದೊಂದು ಸುದ್ದಿ ಇತ್ತು. ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅಜ್ಜಂಪುರದ ಹೆಂಗಸೊಬ್ಬಳು ಕೆಲಸ ಮಾಡುತ್ತಾಳಂತೆ, ಹೆಸರು ಹಫೀಜಾಬಿ, ರುದ್ರಪ್ಪ ಮೇಷ್ಟ್ರ ಹತ್ತಿರ ಅಕ್ಷರ ಕಲಿತವಳಂತೆ. ‘ಬರುವಾಗ ಅವಳ ಶಾಲೆಯ ಸರ್ಟಿಫಿಕೇಟು ತರಬೇಕಂತೆ, ಪಿಂಚಣಿಗೆ ಬೇಕಂತೆ’ ಎಂದು ಬರೆದಿದ್ದಳು.

ಹಫೀಜಾ! ಹತ್ತಿಯ ಗಾಡಿ ಹೊಡೆಯುತ್ತಿದ್ದ ಮಹಮದ್ ಸಾಬಿಯ ಮಗಳು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನ ಮೊದಲ ತರಗತಿಯಲ್ಲಿ ಇದ್ದವಳು. ಆಮೇಲೆ ಬೀರೂರಿನ ರೈಲ್ವೆ ಫಿಟ್ಟರೊಬ್ಬನಿಗೆ ಮದುವೆಯಾಗಿ, ಅವನ ಹಿಂದೆ ಇಂಗ್ಲೆಂಡಿನ ಸೀಮೆಗೆ ಹೋದಳು ಎಂದು ಅವಳ ತಮ್ಮ ಇಮಾಮ್ ಯಾವಾಗಲೋ ಹೇಳಿದ್ದ.

ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಐವತ್ತೆರಡು ವರ್ಷದ ಹಿಂದೆ ನಾನು ಬರೆದ ದಾಖಲಾತಿ ಪುಸ್ತಕಕ್ಕೆ ಇಂಗ್ಲೆಂಡಿನ ಸರ್ಕಾರ ಕೈ ಚಾಚಿದೆ ಎಂದರೆ ಸಾಮಾನ್ಯವೇ? ಶಾಲೆಗೆ ಹೋದೆ. ಈಗಿನ ಹೆಡ್‌ಮಾಸ್ಟರು ನನ್ನದೇ ಶಿಷ್ಯ. ಬೀರುವಿನಿಂದ ಪುಸ್ತಕ ತೆಗೆಸಿ, ಧೂಳು ಕೊಡವಿ, ನಕಲು ಬರೆದು, ಸೀಲು ಹೊಡೆದು ಸಹಿ ಹಾಕಿದ. ನಾನೂ ಓದಿ ನೋಡಿದೆ. ಹೆಸರು ಸರಿ, ತಂದೆಯ ಹೆಸರು ಸರಿ, ಹುಟ್ಟಿದ ತಾರೀಖು ೧-೬-೧೯೨೬. ಅಕ್ಷರ ಮುದ್ದಾಗಿದೆ ಎಂದೆ. ಲಕೋಟೆಗೆ ಹಾಕಿಸಿ ಅರಗಿನ ಮುದ್ರೆ ಒತ್ತಿಸಿದೆ. ಜೀವನವಿಡೀ ಮಕ್ಕಳಿಗೆ ಕಳೆಯುವ ಲೆಕ್ಕ ಹೇಳಿಕೊಟ್ಟವನು ಎಂಬತ್ತಮೂರರಲ್ಲಿ ಇಪ್ಪತ್ತಾರು ಕಳೆದು ನೋಡಲಿಲ್ಲ. ಸೀಲು ಇರುವ ಕಾಗದ ಕೈಯಲ್ಲಿದ್ದರೆ ಕೆಲಸ ಆದಂತೆಯೇ ಎಂದು ನಂಬಿಕೊಂಡು ಬದುಕಿದವರು ನಾವು.

ವಿಮಾನ ನಿಲ್ದಾಣ

ಲಂಡನ್ನಿನಲ್ಲಿ ಇಳಿದಾಗ ಕಸ್ಟಮ್ಸಿನವನು ನನ್ನ ಪೆಟ್ಟಿಗೆ ತೆರೆಸಿದ. ಚಟ್ನಿಪುಡಿಯ ಡಬ್ಬ ಮೂಸಿ ಮೂರು ಸಲ ಸೀನಿದ. ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮತ್ತೆ ಹಾಗೇ ಕಟ್ಟಿಕೊಟ್ಟ. ಅದಕ್ಕೆಲ್ಲ ನಾನು ಏನೂ ಅನ್ನಲಿಲ್ಲ. ಆದರೆ ಅರಗಿನ ಲಕೋಟೆ ಬಿಚ್ಚು ಎಂದಾಗ ತಡೆದೆ. ಮುದ್ರೆ ಒಡೆದರೆ ಕಾಗದದ ಕಿಮ್ಮತ್ತು ಹೋಗುತ್ತದೆ, ಇದು ನಿಮ್ಮದೇ ಸರ್ಕಾರಕ್ಕೆ ಬಂದಿರುವುದು ಎಂದು ನನ್ನ ಇಂಗ್ಲಿಷಿನಲ್ಲಿ ಭಾಷಣ ಮಾಡಿದೆ. ಹಿಂದೆ ನಿಂತವರು ಒಬ್ಬರೂ ಗೊಣಗಲಿಲ್ಲ, ಅದೇ ನನಗೆ ಆಶ್ಚರ್ಯ. ಅವನು ಲಕೋಟೆಯನ್ನು ದೀಪಕ್ಕೆ ಹಿಡಿದು ನೋಡಿ, ಬೆರಳಲ್ಲಿ ತಡವಿ, ‘ಕ್ಷಮಿಸಿ ಸರ್’ ಎಂದು ವಾಪಸು ಕೊಟ್ಟ. ಗೆದ್ದೆ ಎಂದುಕೊಂಡು ಎದೆ ಉಬ್ಬಿಸಿ ಹೊರಗೆ ಬಂದೆ.

ಕ್ಷಮಿಸಿ ಎನ್ನುವುದು ಆ ಜನಕ್ಕೆ ಉಸಿರಾಡಿದ ಹಾಗೆ. ಬಸ್ಸಿನಲ್ಲಿ ಒಬ್ಬ ಮುದುಕನ ಕಾಲು ತುಳಿದೆ, ಅವನೇ ನನ್ನ ಕ್ಷಮೆ ಕೇಳಿದ. ತರೀಕೆರೆ ಬಸ್ಸಿನಲ್ಲಿ ಇಂಥ ತಪ್ಪು ಮಾಡಿದ್ದರೆ ನನ್ನ ವಂಶದ ವಿಚಾರವೆಲ್ಲ ಹೊರಗೆ ಬರುತ್ತಿತ್ತು.

ಹಫೀಜಾಳ ಬೀದಿ

ಮಗಳ ಮನೆಗೆ ಬಂದ ನಾಲ್ಕನೇ ದಿನ ಹಫೀಜಾಳ ಮನೆಗೆ ಹೋದೆವು. ಬೀದಿಯ ಉದ್ದಕ್ಕೂ ಒಂದಕ್ಕೊಂದು ಅಂಟಿದ ಕೆಂಪು ಇಟ್ಟಿಗೆಯ ಮನೆಗಳು. ಬೀರೂರಿನ ರೈಲ್ವೆ ಕ್ವಾರ್ಟರ್ಸಿಗೆ ಮಹಡಿ ಕಟ್ಟಿದರೆ ಹೀಗೇ ಕಾಣುತ್ತದೆ. ಬಾಗಿಲು ತೆಗೆದವಳು ದಪ್ಪ ಉಣ್ಣೆಯ ಕೋಟು ಹಾಕಿದ್ದ, ತಲೆ ಪೂರ್ತಿ ನರೆತ ಹೆಂಗಸು. ನನ್ನನ್ನು ನೋಡಿ ಸೆರಗು ತಲೆಗೆಳೆದುಕೊಂಡು ಬಗ್ಗಿ ಕಾಲು ಮುಟ್ಟಲು ಬಂದಳು.

"ಮೇಷ್ಟ್ರೇ, ಬಂದ್ರಾ! ನೀವಿನ್ನೂ ಹಂಗೇ ಇದ್ದೀರಲ್ಲ!"

"ಹಂಗೇ ಎಲ್ಲಮ್ಮ, ಹಲ್ಲೆಲ್ಲ ಹೋಗವೆ. ಬೆತ್ತ ಹಿಡಿಯಕ್ಕೂ ಆಗಲ್ಲ."

"ನಂಗೊಂದಿನಾನೂ ಹೊಡೀಲಿಲ್ಲ ನೀವು. ಇಮಾಮಂಗೆ ಬೇಕಾದಷ್ಟು ಹೊಡೆದ್ರಿ ಕಣ್ರೀ," ಎಂದು ನಕ್ಕಳು.

ಅಡುಗೆಮನೆಯಲ್ಲಿ ಅವಳ ಗಂಡ ಬಾಷಾ ಸಾಹೇಬರು ರೊಟ್ಟಿ ಹಿಟ್ಟು ನಾದುತ್ತಿದ್ದರು. ನನ್ನನ್ನು ಕಂಡು ಹಿಟ್ಟಿನ ಕೈಯಲ್ಲೇ ಸಲಾಮು ಹೇಳಿದರು. ಗಂಡಸು ಹಿಟ್ಟು ನಾದುವುದು ಈ ದೇಶದ ರೀತಿಯೇನೋ ಎಂದುಕೊಂಡೆ. ಹಾಗಲ್ಲ. ಹಫೀಜಾ ಎರಡೂ ಮಣಿಕಟ್ಟು ಮುಂದೆ ಚಾಚಿ ತೋರಿಸಿದಳು. ಗಂಟು ಗಂಟಾಗಿ ಊದಿದ್ದವು. ಇಪ್ಪತ್ತು ವರ್ಷ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಹಬೆಯ ಮೆಷಿನ್ನಿಗೆ ಕೊಟ್ಟು ಎಳೆದ ಕೈಗಳು. ಲೋಟ ಹಿಡಿಯುವಾಗಲೂ ಎರಡು ಕೈ ಹಚ್ಚುತ್ತಿದ್ದಳು.

ವಿಷಯ ಇಷ್ಟು. ಆ ದೇಶದಲ್ಲಿ ದುಡಿಯುವವರಿಂದ ವಾರವಾರವೂ ಸರ್ಕಾರ ಸ್ವಲ್ಪ ಹಿಡಿದುಕೊಂಡು, ಹೆಂಗಸರಿಗೆ ಅರವತ್ತು, ಗಂಡಸರಿಗೆ ಅರವತ್ತೈದು ತುಂಬಿದ ಮೇಲೆ ಸಾಯುವ ತನಕ ಪಿಂಚಣಿ ಕೊಡುತ್ತದೆ. ಬಿಳಿಯರು ಕರಿಯರು ಎಂದು ಕಾನೂನಿನಲ್ಲಿ ಭೇದವಿಲ್ಲ. ಹುಟ್ಟಿದ ತಾರೀಖು ತೋರಿಸಿದರಾಯಿತು. ಬಾಷಾ ಸಾಹೇಬರು ಯುದ್ಧ ಕಾಲದಲ್ಲಿ ಮಿಲಿಟರಿಯಲ್ಲಿದ್ದವರು. ಮಿಲಿಟರಿಯವರು ಕೊಟ್ಟ ಪುಸ್ತಕದಲ್ಲಿ ತಾರೀಖಿತ್ತು, ಪಿಂಚಣಿ ಸಲೀಸಾಗಿ ಬಂತು. ಹಫೀಜಾಳ ಪಾಸ್‌ಪೋರ್ಟಿನಲ್ಲಿ ಗಂಡ ಹೇಳಿ ಬರೆಸಿದ್ದ ೧೯೨೩ ಎಂಬ ವರ್ಷ ಮಾತ್ರ ಇತ್ತು. ಅದು ಸಾಲದು, ಇನ್ನೊಂದು ಆಧಾರ ತನ್ನಿ ಎಂದಿದ್ದರು. ಅಲ್ಲಿಯವರೆಗೆ ಮೆಷಿನ್ನಿನ ಮುಂದೆ ನಿಲ್ಲಲೇಬೇಕು.

ನಾನು ಲಕೋಟೆ ತೆಗೆದು ಎರಡೂ ಕೈಯಲ್ಲಿ ಕೊಟ್ಟೆ. "ಬಿಚ್ಚಬೇಡ ಮತ್ತೆ. ಮುದ್ರೆ ಇದ್ದಂಗೇ ಕೊಟ್ರೆ ತೂಕ ಜಾಸ್ತಿ," ಎಂದೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು.

ಗಾಜಿನ ಹಿಂದಿನ ಹುಡುಗಿ

ಮರುದಿನವೇ ಆಫೀಸಿಗೆ ಹೋದೆವು. ಬಾಗಿಲಲ್ಲಿ ಒಂದು ನಂಬರಿನ ಚೀಟಿ ಹರಿದುಕೊಂಡು ಕೂತುಕೊಳ್ಳಬೇಕು. ಕಿತ್ತಳೆ ಬಣ್ಣದ ಕುರ್ಚಿಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದರು. ನಮ್ಮ ಕಡೆಯ ಕಚೇರಿಗಳಲ್ಲಿ ಗುಮಾಸ್ತ ಕಾಫಿಗೆ ಎದ್ದಾಗ ಹಿಂದೆ ಓಡಿ ಮಾತು ಮುಗಿಸಬೇಕು. ಇಲ್ಲಿ ಯಾರೂ ಎದ್ದು ಹೋಗಲಿಲ್ಲ, ಯಾರೂ ಓಡಲಿಲ್ಲ. ಚಳಿಗೆ ಕೈ ಉಜ್ಜಿಕೊಳ್ಳುತ್ತ ಕೂತಿದ್ದ ನನಗೆ ಇದು ಸ್ವರ್ಗದ ಆಫೀಸು ಅನ್ನಿಸಿತು.

ಗಾಜಿನ ಹಿಂದಿನ ಹುಡುಗಿಗೆ ಇಪ್ಪತ್ತೈದೂ ಆಗಿರಲಾರದು. ಅರಗಿನ ಮುದ್ರೆ ನೋಡಿ ಎಷ್ಟು ಚೆನ್ನಾಗಿದೆ ಎಂದಳು. ಕತ್ತರಿಯಲ್ಲಿ ಲಕೋಟೆಯ ಇನ್ನೊಂದು ಅಂಚು ಕತ್ತರಿಸಿ, ಮುದ್ರೆಗೆ ಪೆಟ್ಟಾಗದಂತೆ ಕಾಗದ ಹೊರಗೆಳೆದಳು. ಓದಿದಳು. ಮುಖ ಸಣ್ಣದಾಯಿತು.

"ಇದರಲ್ಲಿ ನಿಮಗೆ ಐವತ್ತೇಳು ವರ್ಷ. ಮೂರು ವರ್ಷ ಬಿಟ್ಟು ಬನ್ನಿ, ಆಗ ಏನೂ ತೊಂದರೆಯಾಗುವುದಿಲ್ಲ," ಎಂದಳು ಬಹಳ ಪ್ರೀತಿಯಿಂದ. ಕ್ಷಮಿಸಿ ಎಂದೂ ಸೇರಿಸಿದಳು.

ಹಫೀಜಾ ನನ್ನ ಮುಖ ನೋಡಿದಳು. ನಾನು ಗಡಿಯಾರ ನೋಡಿದೆ. ಆ ಕಾಗದ ಇಲ್ಲದಿದ್ದರೆ ಅವಳ ಮಾತಿಗೆ ಎದುರಾಗಿ ಏನೂ ಇರುತ್ತಿರಲಿಲ್ಲ. ಈಗ ಏಳು ಸಮುದ್ರ ದಾಟಿಸಿ, ಕಸ್ಟಮ್ಸಿನವನ ಜೊತೆ ಜಗಳವಾಡಿ, ನಾನೇ ಕೈಯಾರೆ ತಂದು ಅವಳನ್ನು ಮೂರು ವರ್ಷ ಚಿಕ್ಕವಳು ಮಾಡಿದ್ದೆ.

ಬಸ್ಸಿಗೆ ನಿಂತಾಗ ಅವಳು ಮೆಲ್ಲಗೆ ಕೇಳಿದಳು: "ಮೇಷ್ಟ್ರೇ, ನಾನು ಸ್ಕೂಲಿಗೆ ಬಂದ ದಿನ ಇಮಾಮನ್ನ ಸೊಂಟದ ಮ್ಯಾಲೆ ಎತ್ಕಂಡು ಬಂದಿದ್ದೆ. ನೆನ್ಪಿಲ್ವಾ?"

ನೆನಪಿತ್ತು. ಅದೇ ಕಷ್ಟ.

ಐವತ್ತೆರಡು ವರ್ಷದ ಹಿಂದಿನ ಒಂದು ಬೆಳಿಗ್ಗೆ

ಆಗ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುತ್ತಿದ್ದ ರೀತಿ ಹಿರಿಯರಿಗೆ ಗೊತ್ತಿದೆ. ಹುಟ್ಟಿದ ತಾರೀಖು ಯಾರ ಮನೆಯಲ್ಲೂ ಬರೆದಿಟ್ಟಿರುತ್ತಿರಲಿಲ್ಲ. ಮಗು ಬಲಗೈಯನ್ನು ನೆತ್ತಿಯ ಮೇಲಿಂದ ಹಾಕಿ ಎಡಗಿವಿ ಮುಟ್ಟಬೇಕು. ಮುಟ್ಟಿತೋ, ಐದು ತುಂಬಿತು. ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಶಾಲೆ ತೆರೆಯುವುದು ಜೂನಿನಲ್ಲಿ, ಆದ್ದರಿಂದ ಜೂನ್ ಒಂದನೇ ತಾರೀಖು ಹಾಕಿ ಐದು ವರ್ಷ ಹಿಂದಕ್ಕೆ ಬರೆದುಬಿಟ್ಟರೆ ಯಾವ ಇನ್‌ಸ್ಪೆಕ್ಟರೂ ಕೇಳುತ್ತಿರಲಿಲ್ಲ.

ಆ ದಿನ ಹದಿನಾಲ್ಕು ಮಕ್ಕಳು ಬಂದಿದ್ದವು. ಇಮಾಮನ ಕೈ ಕಷ್ಟಪಟ್ಟು ಕಿವಿಯ ತುದಿಗೆ ಎಟುಕಿತು. ಹಫೀಜಾಳ ಕೈ ಕಿವಿ ದಾಟಿ ಕೆನ್ನೆಗೆ ಬಂತು. ಎಂಟು ವರ್ಷ ಎಂದು ಎದ್ದು ಕಾಣುತ್ತಿತ್ತು. ಅವಳ ತಾಯಿ ಬಾಗಿಲ ಹೊರಗೆ ನಿಂತು, "ಹೆಣ್‌ಮಗ ಸ್ವಾಮೀ, ಕಮ್ಮಿ ಬರ್ಕಳಿ, ಮದ್ವೆಗೆ ಅನ್ಕೂಲ ಆಗ್ತದೆ," ಎಂದಳು. ಇಷ್ಟು ದೊಡ್ಡವಳನ್ನು ಒಂದನೇ ತರಗತಿಗೆ ಯಾಕೆ ಹಾಕಿಕೊಂಡೆ ಎಂಬ ಪ್ರಶ್ನೆಯೂ ಬರುವುದು ಬೇಡ ಎಂದು ನನಗೂ ಅನ್ನಿಸಿತು. ಹದಿನಾಲ್ಕು ಜನಕ್ಕೂ ಒಂದೇ ತಾರೀಖು ಬರೆದೆ. ಕೆಳಗೆ ಗೆರೆ ಎಳೆದು ಸಹಿ ಹಾಕಿದೆ. ಇನ್‌ಸ್ಪೆಕ್ಟರು ಬಂದಾಗ ಪುಸ್ತಕ ಚೊಕ್ಕಟವಾಗಿದೆ ಎಂದು ಷರಾ ಬರೆದು ಹೋದರು. ಮೂವತ್ತನಾಲ್ಕು ವರ್ಷ ಹೀಗೇ ಬರೆದೆ, ಪ್ರತಿ ಸಲವೂ ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ.

ಇದನ್ನೆಲ್ಲ ಮಗಳಿಗೆ ಹೇಳಿದಾಗ ಅವಳು ಸೌಟು ಕೆಳಗಿಟ್ಟು, "ಅಪ್ಪಾ, ನನ್ನ ತಾರೀಖಾದ್ರೂ ನಿಜಾನಾ?" ಎಂದು ಕೇಳಿದಳು. ಅವಳದು ನಿಜ, ಅವಳು ಹುಟ್ಟಿದ್ದು ಆಸ್ಪತ್ರೆಯಲ್ಲಿ. ಆದರೂ ನಾಲ್ಕು ದಿನ ನನ್ನನ್ನು ಅನುಮಾನದಿಂದ ನೋಡುತ್ತಿದ್ದಳು.

ಬಚನ್ ಸಿಂಗರ ಕಾರು

ಹಫೀಜಾಳ ಪಕ್ಕದ ಮನೆಯವರು ಬಚನ್ ಸಿಂಗ್ ಎಂಬ ಪಂಜಾಬಿ. ಎರಕದ ಕಾರ್ಖಾನೆಯಲ್ಲಿ ಕೆಲಸ. ಬಿಳಿಗಡ್ಡ, ಮುಖದಲ್ಲಿ ಕಿಡಿ ಹಾರಿ ಸುಟ್ಟ ಕಪ್ಪು ಚುಕ್ಕೆಗಳು. ಹಿತ್ತಲಲ್ಲಿ ಕೊತ್ತಂಬರಿ ಬೆಳೆದು ಬೀದಿಗೆಲ್ಲ ಹಂಚುತ್ತಿದ್ದರು. ನನ್ನ ಶಾಲೆಯ ಹಿಂದಿಗೂ ಅವರ ಪಂಜಾಬಿಗೂ ನಡುವೆ ಹೇಗೋ ಮಾತು ಸಾಗುತ್ತಿತ್ತು.

ಆಫೀಸು ಇಲ್ಲ ಎಂದರೆ ಮುಗಿಯಲಿಲ್ಲ, ಅಪೀಲು ಮಾಡಬಹುದು ಎಂದು ಹೇಳಿದವರು ಅವರೇ. ಆಫೀಸಿಗೆ ಸೇರದ ಮೂರು ಜನ ಕೂತು ಎರಡೂ ಕಡೆ ಕೇಳುತ್ತಾರೆ. ಅರ್ಜಿಯ ನಮೂನೆ ತಂದುಕೊಟ್ಟವರೂ ಅವರೇ. ನಿಮಗೆ ಇದೆಲ್ಲ ಹೇಗೆ ಗೊತ್ತು ಎಂದೆ.

"ನನ್ನದು ಆ ಕೋಣೆಯಲ್ಲೇ ಬಿದ್ದು ಹೋಯಿತು, ಮಾಸ್ಟರ್‌ಜಿ. ನನಗೆ ಅರವತ್ತಾರು, ಕಾಗದದಲ್ಲಿ ಅರವತ್ತು. ಸಾಕ್ಷಿ ಯಾರು ಅಂದರು. ಯಾರೂ ಇರಲಿಲ್ಲ," ಎಂದು ಕೊತ್ತಂಬರಿ ಕಟ್ಟು ಕಟ್ಟಿದರು.

ಹಫೀಜಾಳಿಗೆ ಸಾಕ್ಷಿ ಇದ್ದ. ಮೂರು ಹೊತ್ತು ಮಗಳ ಮನೆಯಲ್ಲಿ ಉಂಡು, ತಾನು ಬರೆದ ಸುಳ್ಳನ್ನು ಹೇಳುವುದೋ ಬೇಡವೋ ಎಂದು ಲೆಕ್ಕ ಹಾಕುತ್ತಿದ್ದ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಭಯವಾಗಿತ್ತು. ಸರ್ಕಾರಿ ಪುಸ್ತಕದಲ್ಲಿ ಸುಳ್ಳು ಬರೆದೆ ಎಂದು ಪರದೇಶದಲ್ಲಿ ಒಪ್ಪಿಕೊಂಡರೆ ಊರಿಗೆ ಸುದ್ದಿ ಹೋಗುವುದಿಲ್ಲವೇ? ನನ್ನ ಪಿಂಚಣಿಗೇ ಕುತ್ತು ಬಂದರೆ? ಅಳಿಯ ನಕ್ಕುಬಿಟ್ಟ. ನಾನು ನಗಲಿಲ್ಲ. ಪಿಂಚಣಿಗಿಂತ ಹೆಚ್ಚಾಗಿ, ರುದ್ರಪ್ಪ ಮೇಷ್ಟ್ರ ಪುಸ್ತಕವೆಂದರೆ ಪುಸ್ತಕ ಎನ್ನುವ ಮಾತೊಂದಿತ್ತಲ್ಲ, ಅದನ್ನು ಬಿಟ್ಟರೆ ನನ್ನ ಹತ್ತಿರ ಬೇರೆ ಆಸ್ತಿ ಇರಲಿಲ್ಲ. ಕೊನೆಗೆ ನನ್ನನ್ನು ಒಪ್ಪಿಸಿದ್ದು ಬಾಷಾ ಸಾಹೇಬರ ಹಿಟ್ಟಿನ ಕೈ. ಇನ್ನು ಮೂರು ವರ್ಷದಲ್ಲಿ ಅವಳು ಅನ್ನ ಕಲಸಿ ತಿನ್ನಲಿಕ್ಕೂ ಆಗದವಳಾಗುತ್ತಾಳೆ ಎಂದು ಅಳಿಯನೇ ಹೇಳಿದ್ದ.

ವಿಚಾರಣೆಯ ದಿನ ಬಚನ್ ಸಿಂಗರು ಕಾರ್ಖಾನೆಗೆ ರಜೆ ಹಾಕಿ ತಮ್ಮ ಕಾರಿನಲ್ಲಿ ನಮ್ಮನ್ನು ಕರೆದೊಯ್ದರು. ಕಾರು ಏರಿನಲ್ಲಿ ಎರಡು ಸಲ ನಿಂತಿತು. ಎರಡನೇ ಸಲ ನಾನು ಇಳಿದು ಪಂಚೆ ಎತ್ತಿಕಟ್ಟಿ ತಳ್ಳಿದೆ. ಕೋಟಿನ ಕೆಳಗೆ ಪಂಚೆ ಉಟ್ಟ ಮುದುಕನನ್ನು ನೋಡಿ ದಾರಿಹೋಕರಿಬ್ಬರು ಏನೂ ಕೇಳದೆ ಬಂದು ಕೈ ಹಚ್ಚಿದರು. ಒಳಗೆ ಬರಲು ಬಚನ್ ಸಿಂಗರು ಒಪ್ಪಲಿಲ್ಲ. "ಆ ಕೋಣೆ ನನಗೆ ಗೊತ್ತು," ಎಂದು ಕಾರಿನಲ್ಲೇ ಕೂತರು.

ಮೂವರು ಕೂತಿದ್ದ ಮೇಜು

ಕೋರ್ಟಿನಂತಿರುತ್ತದೆ ಎಂದುಕೊಂಡಿದ್ದೆ. ಒಂದು ಮೇಜು, ನೀರಿನ ಹೂಜಿ, ಅಷ್ಟೇ. ನಡುವೆ ಅಧ್ಯಕ್ಷರು, ಕನ್ನಡಕ ಮೂಗಿನ ತುದಿಗೆ ಇಳಿದ ವಕೀಲರು. ಒಂದು ಪಕ್ಕದಲ್ಲಿ ದಪ್ಪ ಗಂಡಸು, ಇನ್ನೊಂದು ಪಕ್ಕದಲ್ಲಿ ಹೂವಿನ ಅಂಗಿಯ ಹೆಂಗಸು. ಆಫೀಸಿನ ಕಡೆಯವನೊಬ್ಬ ಎದ್ದು ನಾನು ತಂದ ಕಾಗದವನ್ನೇ ಓದಿ, ಇದಕ್ಕಿಂತ ಒಳ್ಳೆಯ ಆಧಾರ ಇನ್ನೇನು ಬೇಕು ಎಂದು ಕೂತ. ನನ್ನ ಕಾಗದವನ್ನು ಅಷ್ಟು ಗೌರವದಿಂದ ಯಾರೂ ಓದಿರಲಿಲ್ಲ.

ನನ್ನನ್ನು ಕರೆದು ಮೊದಲು ನನ್ನ ವಯಸ್ಸು ಕೇಳಿದರು.

"ದಾಖಲೆಯಲ್ಲಿ ಎಪ್ಪತ್ತಮೂರು. ನಮ್ಮ ತಾಯಿ ಹೇಳುತ್ತಿದ್ದುದು ಎಪ್ಪತ್ತೈದು," ಎಂದೆ. ಹೆಂಗಸಿನ ತುಟಿ ಅಲುಗಿತು.

"ಈ ತಾರೀಖನ್ನು ಬರೆದವರು ನೀವೇ?"

"ನಾನೇ. ಅದು ಸುಳ್ಳು. ಆ ದಿನ ಬಂದ ಹದಿನಾಲ್ಕು ಮಕ್ಕಳಿಗೂ ಅದನ್ನೇ ಬರೆದಿದ್ದೇನೆ. ಇವಳ ತಮ್ಮನಿಗೂ."

"ಅವಳಿ ಮಕ್ಕಳೇ?"

"ಅಲ್ಲ. ತಮ್ಮನನ್ನು ಇವಳೇ ಎತ್ತಿಕೊಂಡು ಬಂದಿದ್ದಳು."

ವಯಸ್ಸನ್ನು ಹೇಗೆ ನಿರ್ಧರಿಸುತ್ತಿದ್ದಿರಿ ಎಂದು ಕೇಳಿದರು. ಬಾಯಲ್ಲಿ ಹೇಳುವ ಇಂಗ್ಲಿಷು ಸಿಗಲಿಲ್ಲ. ಎದ್ದು ನಿಂತು, ಬಲಗೈಯನ್ನು ನೆತ್ತಿಯ ಮೇಲಿಂದ ಹಾಕಿ ಎಡಗಿವಿ ಹಿಡಿದು ತೋರಿಸಿದೆ. ಹೂವಿನ ಅಂಗಿಯ ಹೆಂಗಸು ತಾನೂ ಮಾಡಿ ನೋಡಿದಳು. ದಪ್ಪ ಗಂಡಸು ಮಾಡಲು ಹೋಗಿ, ಕೋಟಿನ ಕಂಕುಳು ಬಿಗಿದು ಅರ್ಧಕ್ಕೇ ಬಿಟ್ಟ. ತಮ್ಮನ ಕೈ ಕಿವಿಯ ತುದಿಗೆ, ಅಕ್ಕನ ಕೈ ಕೆನ್ನೆಗೆ ಎಂದು ಬೆರಳಿಟ್ಟು ತೋರಿಸಿದೆ.

ಅಧ್ಯಕ್ಷರು ನಗಲಿಲ್ಲ. "ನೀವು ಸರ್ಕಾರದ ಪುಸ್ತಕದಲ್ಲಿ ಸುಳ್ಳು ಬರೆದಿರಿ. ಇವತ್ತು ಹೇಳುವುದನ್ನು ನಾವು ಯಾಕೆ ನಂಬಬೇಕು?"

ಒಳ್ಳೆಯ ಪ್ರಶ್ನೆ. ನಾನಾಗಿದ್ದರೂ ಕೇಳುತ್ತಿದ್ದೆ. "ಆಗ ಸುಳ್ಳು ಬರೆದಿದ್ದಕ್ಕೆ ನನಗೆ ಒಳ್ಳೆಯ ಹೆಸರು ಬಂತು. ಈಗ ನಿಜ ಹೇಳುವುದಕ್ಕೆ ಆ ಹೆಸರು ಹೋಗುತ್ತಿದೆ. ನನಗೆ ಲಾಭವೇನೂ ಇಲ್ಲ," ಎಂದೆ. ಹೂಜಿಯ ನೀರು ಯಾರದೆಂದು ಕೇಳದೆ ಬಗ್ಗಿಸಿಕೊಂಡು ಕುಡಿದೆ.

ದೊಡ್ಡವಳು ಎನ್ನುವುದು ಸರಿ, ಮೂರು ವರ್ಷ ಎಂದು ಹೇಗೆ ಹೇಳುತ್ತೀರಿ ಎಂದು ಹೆಂಗಸು ಕೇಳಿದಳು. ಆಗ ಹಫೀಜಾ ಎದ್ದಳು. ಬಟ್ಟೆ ಒಗೆಯುವ ಕಡೆ ಕಲಿತ ಅವಳ ಇಂಗ್ಲಿಷು ನನ್ನದಕ್ಕಿಂತ ಚೆನ್ನಾಗಿತ್ತು.

"ನನಗೂ ಇಮಾಮನಿಗೂ ನಡುವೆ ಇನ್ನೊಂದು ಗಂಡು ಮಗು ಇತ್ತು. ನಡೆಯಲು ಕಲಿತಿತ್ತು. ಇಮಾಮ್ ಅಮ್ಮನ ಹೊಟ್ಟೆಯಲ್ಲಿದ್ದಾಗ ಜ್ವರ ಬಂದು ಹೋಯಿತು. ಅದರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಒಂದಾದ ಮೇಲೊಂದು ಮೂರು ಹೆರಲು ತಾಯಿಗೆ ಎಷ್ಟು ವರ್ಷ ಬೇಕು, ನೀವೇ ಹೇಳಿ," ಎಂದಳು.

ಆ ಮಗುವಿನ ವಿಚಾರ ನನಗೆ ಗೊತ್ತೇ ಇರಲಿಲ್ಲ. ಹೂವಿನ ಅಂಗಿಯ ಹೆಂಗಸು ಪೆನ್ನಿನ ಮುಚ್ಚಳ ಹಾಕಿ ಅಧ್ಯಕ್ಷರ ಕಡೆ ನೋಡಿದಳು.

ಹಿತ್ತಲಲ್ಲಿ ಚಹಾ

ಹತ್ತು ದಿನಕ್ಕೆ ಕಾಗದ ಬಂತು. ಶಾಲೆಯ ದಾಖಲೆ ನಂಬಲರ್ಹವಲ್ಲ, ಅರ್ಜಿದಾರಳು ೧೯೨೩ರಲ್ಲಿ ಹುಟ್ಟಿದವಳೆಂದು ಒಪ್ಪಿದೆ ಎಂದು ಬರೆದಿತ್ತು. ಮಗಳು ಓದಿ ಹೇಳಿದಳು. ‘ನಂಬಲರ್ಹವಲ್ಲ’ ಎನ್ನುವುದನ್ನು ಎರಡು ಸಲ ಓದಿಸಿದೆ. ಸಂತೋಷವೂ ಆಯಿತು, ಉರಿಯಿತು ಕೂಡ.

ಆ ಶನಿವಾರ ಹಫೀಜಾ ಕೆಲಸ ಬಿಟ್ಟಳು. ಹಿತ್ತಲಲ್ಲಿ ಕುರ್ಚಿ ಹಾಕಿ ಚಹಾ ಕೊಟ್ಟರು. ಬಚನ್ ಸಿಂಗರೂ ಬಂದರು, ಈ ಸಲ ಕೊತ್ತಂಬರಿ ತರಲಿಲ್ಲ. ಸ್ವಲ್ಪ ಹೊತ್ತು ಹವಾಮಾನದ ಮಾತಾಡಿದರು. ಅಲ್ಲಿಯವರ ಜೊತೆ ಇದ್ದೂ ಇದ್ದೂ ಅವರಿಗೂ ಆ ಚಾಳಿ ಬಂದಿತ್ತು. ಆಮೇಲೆ ಹೇಳಿದರು:

"ಮಾಸ್ಟರ್‌ಜಿ, ನನ್ನದನ್ನು ಮತ್ತೆ ಕೇಳಬಹುದಂತೆ, ಹೊಸ ಸಾಕ್ಷಿ ಸಿಕ್ಕರೆ. ಬೇರೆ ಮೂವರು ಕೂರುತ್ತಾರೆ. ನನ್ನ ಮಾಸ್ಟರು ಸತ್ತು ಮೂವತ್ತು ವರ್ಷವಾಯಿತು, ಆ ಊರೇ ಈಗ ಪಾಕಿಸ್ತಾನದಲ್ಲಿದೆ. ನೀವು ಅಲ್ಲಿ ಒಂದು ವರ್ಷ ಪಾಠ ಹೇಳಿದ್ದಿರಿ ಅಂದುಬಿಡಿ. ಇವರಿಗೆ ಯಾವ ಊರು ಎಲ್ಲಿದೆ ಅಂತ ಏನು ಗೊತ್ತಾಗುತ್ತದೆ? ಅದೇ ಕಿವಿ ಮುಟ್ಟುವುದು ತೋರಿಸಿದರೆ ಸಾಕು."

ಹಫೀಜಾ ಲೋಟ ಕೆಳಗಿಟ್ಟಳು. ಬಚನ್ ಸಿಂಗರ ಮುಖದ ಸುಟ್ಟ ಚುಕ್ಕೆಗಳು, ಬಿಳಿಗಡ್ಡ ಎಲ್ಲ ಕಾಣುತ್ತಿತ್ತು. ಅರವತ್ತಾರಲ್ಲ, ಎಪ್ಪತ್ತು ಎಂದರೂ ನಂಬುತ್ತಿದ್ದೆ. ಅವರು ಹೇಳುವ ವಯಸ್ಸು ನಿಜ ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಕನಿಕರ ಬಂದು ಒಂದು ತಾರೀಖು ಬರೆಯುವುದು ನನಗೆ ಹೊಸದೂ ಅಲ್ಲ.

"ನಿಮ್ಮ ಕೈ ಕಿವಿ ಮುಟ್ಟಿದ್ದನ್ನು ನಾನು ನೋಡಿಲ್ಲ, ಸರ್ದಾರ್‌ಜಿ," ಎಂದೆ.

ಅವರು ತಲೆಯಾಡಿಸಿದರು. ಕೋಪ ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಚಹಾ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು, ಹೊರಡುವಾಗ ಹೇಳಿದರು: "ಸರಿ. ಆದರೆ ಊರಿಗೆ ಹೋದ ಮೇಲೆ ನಿಮ್ಮ ಉಳಿದ ಮಕ್ಕಳಿಗೆ ಬರೆದಿಟ್ಟುಬಿಡಿ. ನಮ್ಮ ಮಾಸ್ಟರು ಬರೆದಿಡದೆ ಹೋದರು."

ಸೋಮವಾರ ಬೆಳಿಗ್ಗೆ ಅವರ ಕಾರು ಕಾರ್ಖಾನೆಯ ಕಡೆ ಹೋಗುವುದನ್ನು ಹಫೀಜಾಳ ಕಿಟಕಿಯಿಂದ ನೋಡಿದೆ. ನಾನು ಮಾಡಿದ್ದು ಸರಿ ಎಂದು ಇವತ್ತಿಗೂ ವಾದ ಮಾಡಬಲ್ಲೆ. ಆದರೆ ಮನಸ್ಸಿಗೆ ಸಮಾಧಾನವಿಲ್ಲ.

ಮತ್ತೆ ಅಜ್ಜಂಪುರ

ಊರಿಗೆ ಬಂದು ವಾರದೊಳಗೆ ಶಾಲೆಗೆ ಹೋಗಿ ಅದೇ ಪುಸ್ತಕ ಕೇಳಿದೆ. ಹೆಡ್‌ಮಾಸ್ಟರು ಇನ್ನೊಂದು ನಕಲು ಬೇಕೇನೋ ಎಂದು ಸೀಲು ಹುಡುಕತೊಡಗಿದ. ಸೀಲು ಬೇಡ, ಹೆಸರುಗಳನ್ನು ಮಾತ್ರ ಬರೆದುಕೊಳ್ಳುತ್ತೇನೆ ಎಂದೆ. ಹದಿನಾಲ್ಕರಲ್ಲಿ ಆರು ಜನ ತೀರಿಕೊಂಡಿದ್ದರು. ಹಫೀಜಾಳದು ಮುಗಿಯಿತು. ಇಮಾಮನದು ಸರಿಯಾಗಿಯೇ ಇತ್ತು. ಉಳಿದವರು ಆರು ಜನ.

ನಮ್ಮಲ್ಲೂ ಅರವತ್ತೈದು ತುಂಬಿದ ಗತಿಯಿಲ್ಲದವರಿಗೆ ಅಮಲ್ದಾರರ ಆಫೀಸಿನಿಂದ ವೃದ್ಧಾಪ್ಯ ವೇತನವಿದೆ. ಅಲ್ಲಿ ವಯಸ್ಸಿಗೆ ಆಧಾರವೆಂದರೆ ಶಾಲೆಯ ಕಾಗದ, ಎಂದರೆ ನನ್ನ ಪುಸ್ತಕ. ಇವರಿಗೆ ಅರವತ್ತೈದು ತುಂಬುವ ಹೊತ್ತಿಗೆ ನಾನಿರುತ್ತೇನೋ ಇಲ್ಲವೋ. ಆ ಆರು ಜನಕ್ಕೂ ಹೇಳಿ ಕಳಿಸಿದೆ, ಬನ್ನಿ, ನಿಜವಾದ ವಯಸ್ಸು ಬರೆದು ಸಹಿ ಹಾಕಿಕೊಡುತ್ತೇನೆ ಎಂದು.

ಮೊದಲು ಬಂದವಳು ಹನುಮಕ್ಕ. ವರ್ಷದಲ್ಲಿ ಆರೇಳು ತಿಂಗಳು ಘಟ್ಟದ ಮೇಲೆ ಕಾಫಿ ತೋಟದಲ್ಲಿ ಕೂಲಿ, ಮಿಕ್ಕ ದಿನ ಇಲ್ಲಿ. ಎರಡು ವರ್ಷ ಓದಿ ಬಿಟ್ಟವಳು. ಬೆನ್ನು ಬಾಗಿತ್ತು. ಜಗುಲಿಯ ಕಂಬ ಹಿಡಿದು ಕೂತಳು. ಕಾಗದ ಪೆನ್ನು ಹಿಡಿದು ಅವಳ ಮುಖವನ್ನೇ ನೋಡಿದೆ. ಆ ಬೆಳಿಗ್ಗೆ ಸಾಲಿನಲ್ಲಿ ಎಲ್ಲಿ ನಿಂತಿದ್ದಳು? ಕೈ ಕಿವಿಗೆ ಎಟುಕಿತ್ತೋ, ದಾಟಿತ್ತೋ? ಎಷ್ಟು ಹೊತ್ತು ಯೋಚಿಸಿದರೂ ಆ ಮಗುವಿನ ಮುಖ ಬರಲಿಲ್ಲ.

"ಹನುಮಕ್ಕ, ನೀನು ಸ್ಕೂಲಿಗೆ ಸೇರಿದಾಗ ನಿಂಗೆಷ್ಟು ವರ್ಷ ಆಗಿತ್ತವ್ವ?" ಎಂದು ಕೇಳಿದೆ.

ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ನಂಗೇನ್ ಗೊತ್ತು ಸ್ವಾಮಿ? ನೀವೇ ಹೇಳ್ಬೇಕು. ಬರ್ಕಂಡೋರು ನೀವಲ್ವಾ?"